ಮೋಟರ್ ಗಾಳಿ ಎಳೆದ ಬೇಸಿಗೆ

ಈಜುಕೊಳದ ಮೋಟರನ್ನು ನಾನು ಬೇಕೆಂದೇ ಕೆಡಿಸಿದ್ದೇನೆ ಎಂದು ನನ್ನ ಗಂಡನ ಅಣ್ಣ ಹೇಳಿದಾಗ ನಾನು ಅಲ್ಲೇ ಇದ್ದೆ. ಹಿತ್ತಲಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ಗುಡ್ಡೆ ಮಾಡುತ್ತಿದ್ದೆ. ಅವರು ಹೇಳಿದ್ದು ನನಗಲ್ಲ, ನನ್ನ ಗಂಡನಿಗೆ. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದಲೂ ಭಾವ ನನ್ನ ಮುಖ ನೋಡಿ ಮಾತಾಡಿದವರಲ್ಲ. ನಾನು ಕೇಳಿಸಿಕೊಳ್ಳುವಷ್ಟು ಜೋರಾಗಿ ತಮ್ಮನಿಗೆ ಹೇಳುವುದು ಅವರ ರೀತಿ.

"ಮೋಟರ್ ರೂಮಿನ ಕಡಿಗೆ ಹೋಗಾಕಿ ಆಕಿ ಒಬ್ಬಾಕೀನ. ಯಾವ ವಾಲ್ವ್ ತಿರುವ್ಯಾಳ ಏನೋ, ನೀರು ಎಳೀವಲ್ದು. ಬೇಕಂತ ಮಾಡ್ಯಾಳ."

ನನ್ನ ಗಂಡ ನೆಲ ನೋಡಿದ. ಅವನು ಅಣ್ಣನೆದುರು ನೆಲವನ್ನೇ ನೋಡುವುದು.

ಕೊಟ್ಟೂರಿನ ಹೊರವಲಯದಲ್ಲಿ ಒಂದೇ ಕಾಂಪೌಂಡಿನೊಳಗೆ ನಮ್ಮ ಎರಡು ಮನೆಗಳಿದ್ದವು. ಎಣ್ಣೆಮಿಲ್ಲಿನ ವ್ಯವಹಾರ ಅಣ್ಣತಮ್ಮಂದಿರದ್ದು ಸೇರಿಯೇ ಇತ್ತು, ಆದರೆ ಮಾತೆಲ್ಲ ಭಾವನದು. ಅವರಿಗೆ ಸೊಂಟನೋವು. ನೀರಿನಲ್ಲಿ ಕೈಕಾಲು ಆಡಿಸಿದರೆ ಒಳ್ಳೆಯದೆಂದು ಯಾರೋ ಡಾಕ್ಟರು ಹೇಳಿದ್ದೇ ತಡ, ಎರಡು ಮನೆಗಳ ನಡುವಿನ ಜಾಗದಲ್ಲಿ ನೀಲಿ ಟೈಲ್ಸಿನ ಈಜುಕೊಳ ಎದ್ದಿತು. ಅವರಿಗೆ ಈಜು ಬರುತ್ತಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿದು, ಬನಿಯನ್ ತೊಟ್ಟು, ಎಮ್ಮೆಯ ಹಾಗೆ ನಿಂತಿರುತ್ತಿದ್ದರು. ಮನೆಯಲ್ಲಿ ಈಜು ಬರುತ್ತಿದ್ದದ್ದು ನನಗೊಬ್ಬಳಿಗೇ. ನನ್ನ ತವರು ಹಡಗಲಿ ಕಡೆ, ಹೊಳೆದಂಡೆಯ ಊರು. ನಡೆಯುವುದು ಕಲಿತ ಹಾಗೆಯೇ ಈಜುವುದನ್ನೂ ಕಲಿತವಳು ನಾನು.

ಆದರೆ ಆ ನೀರು ನನಗಲ್ಲ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಸೆಕೆ ತಡೆಯದೆ ಅಂಚಿನಲ್ಲಿ ಕೂತು ಮೊಣಕಾಲತನಕ ಕಾಲು ಇಳಿಬಿಟ್ಟಿದ್ದೆ. ಭಾವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಕಿಟಕಿಯಿಂದ ನೋಡಿದಳು. "ಮನಿ ಹೆಣ್ಮಕ್ಕಳು ಬಯಲಾಗ ಹಿಂಗ ಕಾಲು ಬಿಟ್ಕೊಂಡು ಕುಂದ್ರೋದು ನಮ್ಮಾಗ ಇಲ್ಲವಾ" ಎಂದಳು. ಮರುವಾರ ನಮ್ಮ ಮನೆಗೂ ಕೊಳಕ್ಕೂ ನಡುವೆ ಕಬ್ಬಿಣದ ಕಂಬಗಳು ನಿಂತವು. ಕಂಬಗಳಿಗೆ ಆಳೆತ್ತರದ ತಗಡು ಬಂತು. ನಮ್ಮ ಅಡುಗೆಮನೆಯ ಕಿಟಕಿ ತೆಗೆದರೆ ಬರೀ ತಗಡು. ಮಧ್ಯಾಹ್ನದ ಬಿಸಿಲಿಗೆ ಅದು ಕಾದು, ಒಳಗೆ ರೊಟ್ಟಿ ಬಡಿಯುವವಳಿಗೆ ಎರಡು ಒಲೆಗಳ ಝಳ. ಮೋಟರ್ ರೂಮು ಮಾತ್ರ ನಮ್ಮ ಕಡೆಗೇ ಉಳಿಯಿತು. ಅದರ ಸದ್ದು ನಮಗೆ, ನೀರು ಅವರಿಗೆ.

ಅದರ ಬೆನ್ನಿಗೇ ಮೋಟರ್ ಕೆಟ್ಟಿತು. ಕೆಟ್ಟಿತು ಎಂದರೆ ನಿಲ್ಲಲಿಲ್ಲ. ಜಲ್ಲಿಕಲ್ಲು ಅಗಿದ ಹಾಗೆ ಕರಕರ ಎನ್ನತೊಡಗಿತು. ಕೊಳಕ್ಕೆ ವಾಪಸು ಬೀಳುವ ನೀರಿನಲ್ಲಿ ಬುಳುಬುಳು ಗುಳ್ಳೆಗಳು. ನೀರು ಮೊದಲು ಮಂಕಾಯಿತು, ಆಮೇಲೆ ಹಸಿರಾಯಿತು. ಅದಕ್ಕೇ ಆ ದಿನದ ಆರೋಪ.

ನಾನು ಗಂಡನನ್ನು ಒಳಗೆ ಕರೆದು ಕೇಳಿದೆ. "ಅವ್ರು ಅಷ್ಟಂದ್ರಲ್ಲ, ನಿಮ್ಮ ಬಾಯಾಗ ಒಂದು ಮಾತು ಬರ್ಲಿಲ್ಲ?"

"ಬಿಡು, ಅಣ್ಣ ಸಿಟ್ಟಿನ್ಯಾಗ ಅಂದಾನ."

"ನಂಗೂ ಸಿಟ್ಟು ಐತಿ. ಅದನ್ನ ಯಾರ ಮುಂದ ತೋರಿಸ್ಲಿ?"

ಅವನು ಚಪ್ಪಲಿ ಮೆಟ್ಟಿ ಮಿಲ್ಲಿಗೆ ಹೋದ. ನಾನು ಆವತ್ತೇ ನಿರ್ಧರಿಸಿದೆ, ಇದನ್ನು ನಾನೇ ಹುಡುಕುತ್ತೇನೆ ಎಂದು. ಮೋಟರಿನ ಮೇಲಿನ ಪ್ರೀತಿಗಲ್ಲ. ಆ ಮನುಷ್ಯನ ಬಾಯಿ ಮುಚ್ಚಿಸುವುದಕ್ಕೆ.

ಮೋಟರು ನನಗೆ ಹೊಸದೇನಲ್ಲ. ನನ್ನ ಅಪ್ಪ ಹೊಳೆಗೆ ಪಂಪ್‌ಸೆಟ್ ಇಟ್ಟು ಭತ್ತ ಬೆಳೆಯುತ್ತಿದ್ದ. ಎಳೆಯುವ ಪೈಪಿನಲ್ಲಿ ಎಲ್ಲೋ ಸೂಜಿಮೊನೆಯಷ್ಟು ಸಂದಿ ಇದ್ದರೂ ಸಾಕು, ಮೋಟರ್ ನೀರಿನ ಬದಲು ಗಾಳಿ ಎಳೆಯುತ್ತದೆ. ಅಪ್ಪ ಅದಕ್ಕೆ 'ಗಾಳಿ ಹಿಡಿದೈತಿ' ಎನ್ನುತ್ತಿದ್ದ. ಪೈಪಿಗೆ ಕೊಡದಿಂದ ನೀರು ತುಂಬಿ, ಜಾಯಿಂಟಿಗೆಲ್ಲ ಜೇಡಿಮಣ್ಣು ಮೆತ್ತಿ, ಕಿವಿಗೊಟ್ಟು ಕೂರುತ್ತಿದ್ದ. ಮೋಟರಿನಿಂದ ಆಚೆಗೆ, ನೀರನ್ನು ತಳ್ಳುವ ಕಡೆ ತೂತಿದ್ದರೆ ನೀರು ಹೊರಗೆ ಚಿಮ್ಮುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆಯ ತೂತು ಮಾತ್ರ ಕಾಣುವುದಿಲ್ಲ. ಅದು ಒಳಗೊಳಗೇ ಗಾಳಿ ಕುಡಿಯುತ್ತದೆ.

ಮರುದಿನ ಗಂಡಸರು ಮಿಲ್ಲಿಗೆ ಹೋದ ಮೇಲೆ ಮೋಟರ್ ರೂಮಿನ ಬಾಗಿಲು ತೆಗೆದೆ. ನೆಗೆಣ್ಣಿ ತಗಡಿನ ಸಂದಿಯಿಂದ ಕೂಗಿದಳು, "ಮತ್ತ ಹೋದೇನು? ಇನ್ನೂ ಏನು ಕೆಡಿಸೋದು ಉಳದೈತಿ?"

"ಉಳದಿದ್ದು ನೋಡಾಕ ಬಂದೀನಿ ಅಕ್ಕಾ. ನೀವೂ ಬರ್ರಿ, ಸಾಕ್ಷಿ ಇರ್ಲಿ."

ಅವಳು ಬಂದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು. ಬಿಟ್ಟು ಹೋಗಲಿಲ್ಲ, ಕೂರಲೂ ಇಲ್ಲ.

ಮೊದಲು ತಗಡನ್ನು ಸುತ್ತಿ ಆಚೆ ಹೋಗಿ ಕೊಳದ ಮಟ್ಟ ನೋಡಿದೆ. ಮೇಲಿನ ನೀರನ್ನು ಎಳೆಯಲು ಕೊಳದ ಗೋಡೆಯಲ್ಲಿ ಒಂದು ಚೌಕ ಬಾಯಿ ಇದೆ. ನೀರು ಅದಕ್ಕಿಂತ ಕೆಳಗಿಳಿದರೆ ಗಾಳಿ ನುಗ್ಗುತ್ತದೆ. ಆ ಬಾಯಿ ಮುಳುಗುವಷ್ಟು ಪೈಪಿನಿಂದ ನೀರು ಬಿಟ್ಟೆ. ಗುಳ್ಳೆ ನಿಲ್ಲಲಿಲ್ಲ. ಮೋಟರ್ ಆರಿಸಿ, ಅದರ ಮುಂದಿನ ಪಾರದರ್ಶಕ ಮುಚ್ಚಳ ಬಿಚ್ಚಿ, ಕಸ ತಡೆಯುವ ಬುಟ್ಟಿ ತೆಗೆದೆ. ಬೇವಿನ ಎಲೆ, ಕೂದಲು, ಭಾವನ ಬನಿಯನ್ನಿನ ದಾರ. ತೊಳೆದು ಹಾಕಿದೆ. ಮುಚ್ಚಳದ ರಬ್ಬರ್ ಬಳೆಯನ್ನು ಒರೆಸಿ, ಬಿರುಕಿದೆಯೇ ಎಂದು ಬೆರಳಲ್ಲಿ ಎಳೆದೆಳೆದು ನೋಡಿ, ಗ್ರೀಸ್ ಹಚ್ಚಿ ಕೂಡಿಸಿದೆ. ಒಳಗೆ ನೀರು ತುಂಬಿ ಮೋಟರ್ ಹಾಕಿದೆ. ಗಾಜಿನಂಥ ಆ ಮುಚ್ಚಳದಡಿ ನೀರು ತುಂಬಿ ನಿಲ್ಲಬೇಕು. ಅರ್ಧ ನೀರು, ಅರ್ಧ ಗಾಳಿ ಕುದಿಯುತ್ತಿತ್ತು. ಸೋಪಿನ ನೊರೆ ಕಲಸಿ ಒಂದೊಂದು ಜಾಯಿಂಟಿಗೂ ಬಳಿದೆ. ಎಲ್ಲಿ ಸಂದಿ ಇದೆಯೋ ಅಲ್ಲಿ ನೊರೆ ಒಳಗೆ ಹೋಗಬೇಕು. ಎಲ್ಲೂ ಹೋಗಲಿಲ್ಲ.

"ಆತೇನು ನಿನ್ನ ಇಂಜಿನಿಯರಿಂಗು?" ಎಂದಳು ನೆಗೆಣ್ಣಿ.

ನಾನು ವಾಲ್ವುಗಳ ಮುಂದೆ ಕೂತೆ. ಕೊಳದಿಂದ ಎರಡು ಪೈಪು ಬರುತ್ತವೆ, ಒಂದು ತಳದ ಜಾಲರಿಯಿಂದ, ಇನ್ನೊಂದು ಗೋಡೆಯ ಬಾಯಿಯಿಂದ. ಗೋಡೆಯದ್ದನ್ನು ಮುಚ್ಚಿ ತಳದ್ದನ್ನು ಮಾತ್ರ ಬಿಟ್ಟೆ. ಕರಕರ ಸದ್ದು ನಿಂತಿತು. ಮುಚ್ಚಳದಡಿ ನೀರು ಏರಿ, ಒಂದು ಗುಳ್ಳೆಯೂ ಇಲ್ಲದೆ ತಿಳಿಯಾಗಿ ನಿಂತಿತು. ಮತ್ತೆ ಅದನ್ನು ಮುಚ್ಚಿ ಗೋಡೆಯದ್ದನ್ನು ಬಿಟ್ಟೆ. ಬಡಬಡ ಗಾಳಿ. ತಪ್ಪು ಮೋಟರಿನಲ್ಲಿರಲಿಲ್ಲ, ವಾಲ್ವಿನಲ್ಲೂ ಇರಲಿಲ್ಲ. ಗೋಡೆಯ ಬಾಯಿಂದ ಮೋಟರ್ ರೂಮಿನವರೆಗೆ ನೆಲದಡಿ ಬರುವ ಆ ಪೈಪಿನಲ್ಲೇ ಎಲ್ಲೋ ಇತ್ತು.

ಹೊರಗೆ ಬಂದು ಆ ಗೆರೆಯ ಮೇಲೆ ನಡೆದೆ. ಕರೆಂಟು ತೆಗೆದ ದಿನಗಳಲ್ಲಿ ಕೊಳದ ನೀರು ಜಾಸ್ತಿ ಇಳಿಯುತ್ತದೆ ಎಂದು ಭಾವ ಗೊಣಗುತ್ತಿದ್ದದ್ದು ಕಿವಿಯಲ್ಲಿತ್ತು. ಸರಿಯೇ ಅದು. ಮೋಟರ್ ಓಡುವಾಗ ಆ ತೂತು ಗಾಳಿ ಎಳೆಯುತ್ತದೆ, ನಿಂತಾಗ ಅದೇ ತೂತಿನಿಂದ ನೀರು ಮಣ್ಣಿಗಿಳಿಯುತ್ತದೆ. ಅಷ್ಟು ಬಿಸಿಲಿನಲ್ಲೂ ಒಂದು ಕಡೆ ಮಾತ್ರ ಗರಿಕೆ ಹಸಿರಾಗಿತ್ತು. ಅದರ ನಡುವೆ ತಗಡಿನ ಕಂಬ ನೆಟ್ಟಗೆ ನಿಂತಿತ್ತು.

ನನಗೆ ಬಂದದ್ದು ನಗುವಲ್ಲ. ಮೈಯೆಲ್ಲ ಉರಿಯಿತು.

ಸಂಜೆ ಭಾವ ಬಂದು ಕುರ್ಚಿಯಲ್ಲಿ ಕೂತದ್ದನ್ನು ನೋಡಿ ನಾನೇ ಹೋದೆ. ಸೆರಗು ಹೊದ್ದುಕೊಂಡೇ ಹೋದೆ, ಆದರೆ ಮುಖಕ್ಕೆ ಮುಖ ಕೊಟ್ಟು ನಿಂತೆ.

"ಬಾವಾರ, ನಿಮ್ಮ ಕಂಬ ಪೈಪ್ ಒಡದೈತಿ. ತಗಡು ಬಿಚ್ಚಿ, ಕಂಬ ಕಿತ್ತು ನೋಡ್ರಿ."

ಅವರು ತಮ್ಮನ ಕಡೆ ತಿರುಗಿದರು. "ಏನಂತಾಳ ಈಕಿ?"

"ನಿಮಗ ಹೇಳಾಕತ್ತೀನಿ. ಅವ್ರಿಗಲ್ಲ."

"ಕಂಬ ಕೀಳೋದಿಲ್ಲ" ಎಂದರು, ಈಗಲೂ ತಮ್ಮನಿಗೇ. "ತಗಡು ತೆಗಿಸಾಕ ಇದೊಂದು ನೆವ. ನಂಗ ತಿಳಿಯಂಗಿಲ್ಲೇನು?"

"ಹಂಗಾದ್ರ ನಾನೇ ಕೀಳ್ತೀನಿ."

"ಕಿತ್ತು ನೋಡ್ಲಿ" ಎಂದರು ಭಾವ. ನನ್ನ ಗಂಡ ಅಷ್ಟು ಹೊತ್ತಿಗೆ ಮೊಬೈಲ್ ಹಿಡಿದು ಗೇಟಿನ ಹತ್ತಿರ ಹೋಗಿದ್ದ.

ಬೆಳಿಗ್ಗೆ ಬಿಸಿಲೇರುವ ಮೊದಲೇ ಹಾರೆ, ಸಲಿಕೆ ಹಿಡಿದು ನಿಂತೆ. ತಗಡಿನ ಬೋಲ್ಟು ಬಿಚ್ಚುವಾಗ ಕೈ ಕೊಯ್ದುಕೊಂಡೆ. ನಾನು ಅಗೆದೆ, ಭಾವ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ನೋಡಿದರು. ಯಾರೂ ಬಂದು ಕೈ ಹಚ್ಚಲಿಲ್ಲ. ಮೊಣಕಾಲುದ್ದ ಅಗೆಯುತ್ತಲೇ ಮಣ್ಣು ಕೆಸರಾಯಿತು. ಕೈಯಿಂದ ಕೆಸರು ಬಳಿದು ತೆಗೆದಾಗ ಬಿಳಿ ಪೈಪು ಕಂಡಿತು. ಕಂಬಕ್ಕೆ ಗುಂಡಿ ತೆಗೆದವರ ಹಾರೆ ಬಿದ್ದು, ಪೈಪಿನ ನೆತ್ತಿ ಗೇಣುದ್ದ ಸೀಳಿತ್ತು. ಆ ಸೀಳಿನ ಪಕ್ಕಕ್ಕೇ ಕಂಬ ಒತ್ತಿಕೊಂಡಿತ್ತು.

"ಬರ್ರಿ ಬಾವಾರ. ಬಂದು ನೋಡ್ರಿ. ಯಾರು ಕೆಡಿಸ್ಯಾರ ನೋಡ್ರಿ."

ಅವರು ಎದ್ದು ಬಂದು ಗುಂಡಿಯಲ್ಲಿ ಇಣುಕಿದರು. ಒಂದು ಮಾತು ಬರುತ್ತದೆ ಎಂದು ನಾನು ಕಾದೆ. "ತಪ್ಪಾತು" ಎನ್ನಬೇಕಿರಲಿಲ್ಲ, "ಹೌದು" ಅಂದಿದ್ದರೂ ಸಾಕಿತ್ತು.

"ನಿನ್ನ ಹಾರಿ ಏಟಿಗೂ ಸೀಳಿರಬೌದು" ಎಂದರು. ನನ್ನ ಜೊತೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು.

ಕೆಸರಿನ ಕೈಯಲ್ಲೇ ಸಲಿಕೆ ಎತ್ತಿ ಅವರ ಕಡೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಬಜಾರದ ಪೈಪಿನ ಅಂಗಡಿಗೆ ಹೋಗಿ ತುಂಡು ಪೈಪು, ಎರಡು ಕಪ್ಲಿಂಗು, ಅಂಟಿನ ಡಬ್ಬಿ ತಂದೆ. ವಾಲ್ವ್ ಮುಚ್ಚಿ, ಕೊಳದ ಬಾಯಿಗೆ ಬಟ್ಟೆ ತುರುಕಿ, ಸೀಳಿದ ಭಾಗವನ್ನು ಗರಗಸದ ಬ್ಲೇಡಿನಿಂದ ಕೊಯ್ದು ಹಾಕಿದೆ. ಒರೆಸಿ ಒಣಗಿಸಿ, ಅಂಟು ಬಳಿದು, ಹೊಸ ತುಂಡು ಕೂಡಿಸಿ, ಗಟ್ಟಿಯಾಗುವ ತನಕ ಅಲ್ಲೇ ಕೂತು ಕಾವಲು ಕಾದೆ. ಅವರಲ್ಲಿ ಯಾರಾದರೂ ಬಂದು ಅಲುಗಾಡಿಸಿ, ಮತ್ತೆ ನನ್ನ ಮೇಲೆ ಹಾಕಿಯಾರು ಎಂಬ ಅನುಮಾನ. ಆ ಮನೆಯಲ್ಲಿ ನನ್ನ ಮನಸ್ಸು ಅಷ್ಟು ಕೆಟ್ಟುಹೋಗಿತ್ತು.

ಮೋಟರ್ ಹಾಕಿದಾಗ ಸದ್ದೇ ಬೇರೆ. ಗುಂಯ್ ಎಂಬ ಒಂದೇ ಎಳೆ. ಎರಡು ವಾಲ್ವುಗಳನ್ನೂ ಬಿಟ್ಟೆ. ಗುಳ್ಳೆ ಇಲ್ಲ. ಕ್ಲೋರಿನ್ ಔಷಧಿ ಹಾಕಿ ಮೋಟರ್ ಓಡಿಸಿದ ಮೇಲೆ ಸ್ವಲ್ಪ ದಿನಕ್ಕೆ ತಳದ ನೀಲಿ ಟೈಲ್ಸಿನ ಗೆರೆಗಳು ಕಂಡವು.

"ತಗಡು ವಾಪಸ್ ಹಚ್ಚಿಸ್ರಿ" ಎಂದಳು ನೆಗೆಣ್ಣಿ ಗಂಡನಿಗೆ, ನಾನು ಕೇಳುವ ಹಾಗೆ.

ನಾನು ಒಳಗೆ ಹೋಗಿ ಚೂಡಿದಾರ ಹಾಕಿಕೊಂಡು, ವೇಲನ್ನು ಸೊಂಟಕ್ಕೆ ಬಿಗಿದು ಬಂದೆ. ಅಂಚಿನಲ್ಲಿ ಒಂದು ಗಳಿಗೆಯೂ ನಿಲ್ಲದೆ ಧುಮುಕಿದೆ. ಆಚೆ ದಡ ಮುಟ್ಟಿ, ತಿರುಗಿ, ಮತ್ತೆ ಈಚೆ ಬಂದೆ. ನೆಗೆಣ್ಣಿ ಚೀರುತ್ತಿದ್ದಳು. "ಮಾನ ಮರ್ಯಾದಿ ಐತೇನು ನಿನಗ! ಗಂಡಸ್ರು ಅದಾರ ಇಲ್ಲಿ!" ನೀರೊಳಗೆ ಮುಳುಗಿದಾಗ ಮಾತು ಕೇಳಿಸುತ್ತಿರಲಿಲ್ಲ, ಅದಕ್ಕೇ ಹೆಚ್ಚು ಹೊತ್ತು ಮುಳುಗಿಯೇ ಇದ್ದೆ. ಸುಖವಾಯಿತೇ ಎಂದರೆ ಇಲ್ಲ. ಹೊಳೆಯ ನೀರಿನ ಹಾಗೆ ಅದು ಕರೆಯಲಿಲ್ಲ. ಔಷಧಿಗೆ ಕಣ್ಣು ಉರಿದವು. ಸಿಟ್ಟಿನಿಂದ ಈಜಿದೆ, ಸಿಟ್ಟಿನಿಂದಲೇ ಎದ್ದು ಬಂದೆ.

ಮರುದಿನ ಭಾವ ಮೋಟರಿನ ಪೈಪನ್ನು ಚರಂಡಿಗೆ ತಿರುಗಿಸಿ ಕೊಳವನ್ನು ಖಾಲಿ ಮಾಡಿಸಿದರು. ನಾನು ಇಳಿದ ನೀರಿನಲ್ಲಿ ಅವರು ಇಳಿಯುವುದಿಲ್ಲವಂತೆ. ನಲ್ಲಿ ನೀರಿಗೆ ಕಾದು ಕೂರುವ ಓಣಿ ಅದು. ಅಷ್ಟೂ ನೀರು ಗೇಟಿನಡಿಯಿಂದ ಹರಿದು ರಸ್ತೆಗೆ ಬಂದದ್ದನ್ನು ನೋಡಿ ಹೆಂಗಸರು ಬಕೆಟ್ ಹಿಡಿದು ಓಡಿಬಂದರು. "ಪಾತ್ರಿ ತೊಳ್ಯಾಕಾದ್ರೂ ಆಗ್ತಿತ್ತಲ್ರೀ, ಮೊದ್ಲ ಹೇಳಬಾರದ?" ಎಂದು ಒಬ್ಬಳು ಕೂಗಿದಳು. ಭಾವ ಗೇಟು ಹಾಕಿಸಿದರು. ಮರುವಾರ ಟ್ಯಾಂಕರುಗಳು ಬಂದವು, ತಗಡೂ ಮೇಲೆದ್ದಿತು, ಮೋಟರ್ ರೂಮಿಗೆ ಬೀಗ ಬಿತ್ತು.

ನಾನು ಗಂಡನಿಗೆ ಒಂದೇ ಮಾತು ಹೇಳಿದೆ. "ನಾನು ಈ ಕಾಂಪೌಂಡಿನ್ಯಾಗ ಇರಂಗಿಲ್ಲ. ನೀವು ಬಂದ್ರ ಛಲೋ. ಬರದಿದ್ರ ನಾ ಒಬ್ಬಾಕಿನ ಹೋಗ್ತೀನಿ."

"ನೀ ಸುಮ್ನಿದ್ದಿದ್ರ ಇಷ್ಟು ಆಗ್ತಿರ್ಲಿಲ್ಲ" ಎಂದ.

"ನೀವು ಸುಮ್ನಿರದಿದ್ರ ಆಗ್ತಿರ್ಲಿಲ್ಲ."

ಬಂದ. ಮನಸ್ಸಿಲ್ಲದ ಮನಸ್ಸಿನಿಂದ ಬಂದ. ಸ್ಟೇಷನ್ ಕಡೆ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಅವನು ಈಗಲೂ ದಿನಾ ಮಿಲ್ಲಿಗೆ ಹೋಗುತ್ತಾನೆ, ಹಬ್ಬಕ್ಕೆ ಅಣ್ಣನ ಮನೆಯಲ್ಲಿ ಉಣ್ಣುತ್ತಾನೆ. ನಾನು ಹೋಗುವುದಿಲ್ಲ.

ಕಳೆದ ವರ್ಷ ಕೂಡ್ಲಿಗಿಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ನೆಗೆಣ್ಣಿ ನನ್ನ ಪಕ್ಕದ ಜಾಗಕ್ಕೇ ಬಂದು ಕೂರಬೇಕಾಯಿತು, ಬೇರೆ ಕಡೆ ಖಾಲಿ ಇರಲಿಲ್ಲ. ಎಲೆಗೆ ಪಲ್ಯ ಬಿದ್ದ ಮೇಲೆ ಅವಳೇ ನನ್ನ ಕಡೆ ವಾಲಿದಳು.

"ಮೋಟರ್ ಮತ್ತ ಗಾಳಿ ಎಳ್ಯಾಕ ಹತ್ತೈತಿ" ಎಂದಳು ಮೆಲ್ಲಗೆ. "ಹೊಸಪ್ಯಾಟಿಯಿಂದ ಒಬ್ಬ ಬಂದು ನೋಡಿ ಹೋದ. ಮೋಟರ್‌ನ ಬದಲಿ ಮಾಡ್ರಿ ಅಂದ."

ನಾನು ಬಡಿಸುವವನನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ, ಮೇಲೆ ತುಪ್ಪವನ್ನೂ. ಅವಳು ಸ್ವಲ್ಪ ಹೊತ್ತು ಕಾದು, ಆಮೇಲೆ ತನ್ನ ಎಲೆಗೆ ತಿರುಗಿದಳು.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ನಾನು ಗ್ರೀಸ್ ಹಚ್ಚಿದ್ದು ಒಂದೇ ಸಲ. ಆಮೇಲೆ ಅದನ್ನು ಯಾರು ನೋಡಿರುತ್ತಾರೆ? ಮುಚ್ಚಳದ ಆ ರಬ್ಬರ್ ಬಳೆ ಒಣಗಿ ಬಿರುಕು ಬಿಟ್ಟಿರಬೇಕು. ಯಾವ ಅಂಗಡಿಯಲ್ಲಾದರೂ ಸಿಗುವ ವಸ್ತು. ಪಕ್ಕದಲ್ಲಿ ಕೂತಿದ್ದ ಗಂಡನಿಗೆ ಹೇಳಿದ್ದರೆ ಅಂದೇ ಅಣ್ಣನಿಗೆ ಫೋನ್ ಮಾಡುತ್ತಿದ್ದ. ಅವನು ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ನಾನು ಎಬ್ಬಿಸಲಿಲ್ಲ.