ಕರಿ ಗೀಟು ಬೀಳದ ರಸ್ತೆ

ನಮ್ಮ ಕಡೆ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಹುರುಳಿ ಕಿತ್ತು ಒಣಗಿಸಿ ರಸ್ತೆಯ ಮೇಲೆ ಹಾಸಿಬಿಡುತ್ತಾರೆ. ಹೋಗಿ ಬರುವ ಬಸ್ಸು, ಲಾರಿ, ಟ್ರಾಕ್ಟರುಗಳ ಚಕ್ರವೇ ಕಾಳು ಬಿಡಿಸುತ್ತದೆ. ಎತ್ತೂ ಬೇಡ, ಉರುಳಿಸುವ ಕಲ್ಲುಗುಂಡೂ ಬೇಡ. ಅದನ್ನು ನೋಡಿಕೊಂಡೇ ಬೆಳೆದವಳು ನಾನು. ಆ ಹುರುಳಿಯ ಮೇಲೆ ಕೆಡವಿಕೊಂಡು ನನ್ನ ತಮ್ಮನನ್ನು ಕೊಲ್ಲಲು ನೋಡಿದರಲ್ಲ, ಆವತ್ತಿನಿಂದ ಹುರುಳಿ ಸಾರಿನ ವಾಸನೆ ಮೂಗಿಗೆ ಬಡಿದರೆ ಎದ್ದು ಹೊರಗೆ ಹೋಗುತ್ತೇನೆ.

ನಾವು ಬಡಗಿಗಳು. ಪಾಂಡವಪುರದಲ್ಲಿ ತಮ್ಮನದೊಂದು ಮರಗೆಲಸದ ಶೆಡ್ಡಿದೆ. ಅವನು ಮಾಡಿದ ಬಾಗಿಲಿಗೆ ಪಾಲಿಶ್ ಹಾಕುವವಳು ನಾನು. ಕೆ.ಆರ್.ಪೇಟೆಯ ಗಂಡನ ಮನೆಗೆ ಬೆನ್ನು ತಿರುಗಿಸಿ ಬಂದವಳನ್ನು ಒಂದು ಮಾತೂ ಕೇಳದೆ ಒಳಗೆ ಕರೆದುಕೊಂಡವನು ಅವನೊಬ್ಬನೇ.

ಆವತ್ತು ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ಮರ ತರುವಾಗ ಹೈವೇಯಲ್ಲಿ ಪೊಲೀಸರು ನಮ್ಮ ಟೆಂಪೋ ನಿಲ್ಲಿಸಿ, ಸ್ಪೀಡು ಜಾಸ್ತಿ ಎಂದು ದಂಡ ಹಾಕಿದ್ದರು. ಹಾವು ಹರಿದರೂ ಕಾಣುವಂಥ ನೇರ ರಸ್ತೆ, ಮುಂದೆ ಹಿಂದೆ ನರಪಿಳ್ಳೆ ಇಲ್ಲ. ಅಂಥ ಕಡೆ ಮರದ ಮರೆಯಲ್ಲಿ ಸ್ಪೀಡು ಅಳೆಯುವ ಗನ್ ಹಿಡಿದು ನಿಲ್ಲುತ್ತಾರೆ. ದನ, ಕರು, ಮಕ್ಕಳು ಅಡ್ಡ ಬರುವ ಊರೊಳಗೆ ಒಬ್ಬನಾದರೂ ನಿಂತಿದ್ದನ್ನು ನಾನು ಕಂಡಿಲ್ಲ. ಆ ಸಿಟ್ಟನ್ನು ನಾನು ತಮ್ಮನ ಮೇಲೆ ತೀರಿಸಿಕೊಂಡೆ. "ನಿಧಾನಕ್ಕೆ ಓಡ್ಸಕ್ಕೇನ್ಲಾ ರೋಗ ನಿಂಗೆ?" ಎಂದು ದಾರಿಯುದ್ದಕ್ಕೂ ಬೈದೆ. ಹಾಗಾಗಿ ಮಧ್ಯಾಹ್ನ ನಾಗಮಂಗಲದ ಕಡೆಯ ಹಳ್ಳಿಯೊಂದಕ್ಕೆ ತೇಗದ ಬಾಗಿಲುವಾಡ ಹೇರಿಕೊಂಡು ಹೊರಟಾಗ ಅವನು ಎತ್ತಿನ ಗಾಡಿಯ ಥರ ಓಡಿಸುತ್ತಿದ್ದ.

ಮೇಲುಕೋಟೆ ದಾಟಿ ಸ್ವಲ್ಪ ದೂರಕ್ಕೆ ರಸ್ತೆಯ ಮೇಲೆ ಹುರುಳಿ. ಒಂದು ಅಂಚಿನಲ್ಲಿ ಮಾತ್ರ ಜಾಗ ಬಿಟ್ಟಿದ್ದರು. ತಮ್ಮ ಅತ್ತ ತಿರುಗಿಸಲು ನೋಡಿದ. ಕವೆಗೋಲಿನಲ್ಲಿ ಹುಲ್ಲು ಮಗುಚುತ್ತಿದ್ದ ಒಬ್ಬ ದಾಂಡಿಗ ಕೈ ಅಡ್ಡ ಹಿಡಿದು ಹಲ್ಲು ಬಿಟ್ಟ.

"ಮ್ಯಾಲೇ ಓಗಣ್ಣ, ಏನೂ ಆಗಕಿಲ್ಲ."

ಹುರುಳಿಯ ಮೇಲೆಯೇ ಹೋದೆವು. ಅರ್ಧಕ್ಕೆ ಬಂದಾಗ, ಅಂಚಿನಲ್ಲಿ ಮೊರ ಹಿಡಿದು ಕೂತಿದ್ದ ಮುದುಕಿ, ಕಾಳಿಗೆ ಬಾಯಿ ಹಾಕಿದ ಕರುವನ್ನು ಓಡಿಸಲು ದಡಕ್ಕನೆ ಎದ್ದು ರಸ್ತೆಗೆ ಬಂದಳು. ತಮ್ಮ ಬ್ರೇಕಿನ ಮೇಲೆ ನಿಂತೇಬಿಟ್ಟ. ನನ್ನ ಕಣ್ಣಾರೆ ಕಂಡಿದ್ದೇನೆ. ಚಕ್ರ ನಿಂತಿತು, ಟೆಂಪೋ ನಿಲ್ಲಲಿಲ್ಲ. ಮೇಲೆ ತೇಗದ ಭಾರ, ಕೆಳಗೆ ಉರುಟು ಕಾಳು. ಸೋಪಿನ ಮೇಲೆ ಹೋದ ಹಾಗೆ ಜಾರಿ ಮುದುಕಿಯ ತೊಡೆಗೆ ಬಡಿಯಿತು. ಒಣ ಸೌದೆ ಮುರಿದಂಥ ಸದ್ದು ಕೇಳಿಸಿತು.

ನಾನು ಇಳಿಯುವಷ್ಟರಲ್ಲಿ ತಮ್ಮನನ್ನು ಕೊರಳಪಟ್ಟಿ ಹಿಡಿದು ಎಳೆದು ಹಾಕಿದ್ದರು. ಮೊದಲ ಏಟು ಆ ದಾಂಡಿಗನದೇ. "ನಮ್ಮವ್ವನ್ನ ಸಾಯಿಸ್ಬುಟ್ಟಲ್ಲೋ ಬೋಳಿಮಗ್ನೇ!" ಎಂದು ಕವೆಗೋಲು ಬೀಸಿದ. ಅದು ಬಾಯಿಗೆ ಬಿತ್ತು. ತಮ್ಮ ಕೆಮ್ಮಿದ, ರಕ್ತದ ಜೊತೆ ಹಲ್ಲು ಹುರುಳಿಯ ಮೇಲೆ ಬಿತ್ತು. ಹೊಲದಲ್ಲಿದ್ದವರು, ಟೀ ಅಂಗಡಿಯಲ್ಲಿದ್ದವರು ಓಡಿಬಂದು, ಏನು ಎತ್ತ ಎಂದೂ ಕೇಳದೆ ಒದ್ದರು. ಪಕ್ಕೆಗೆ ಒದ್ದರು, ಮುಖಕ್ಕೆ ಒದ್ದರು. ನಾನು ಅವನ ಮೇಲೆ ಬಿದ್ದೆ. ಯಾವನೋ ಜಡೆ ಹಿಡಿದು ಎಳೆದ. ಅವನ ಕೈಯನ್ನು ರಕ್ತ ಬರುವ ತನಕ ಕಚ್ಚಿದೆ. ಈಗಲೂ ಅದಕ್ಕೆ ನನಗೆ ನಾಚಿಕೆಯಿಲ್ಲ.

"ಸ್ಪೀಡಾಗಿ ಬಂದಿಲ್ಲ ಕಣ್ರಪ್ಪ! ಬ್ರೇಕ್ ಒಡ್ದವ್ನೆ!" ಎಂದು ಕಿರುಚಿದೆ.

ಕನ್ನಡಕದ ಯಜಮಾನನೊಬ್ಬ ಮುಂದೆ ಬಂದ. "ಬ್ರೇಕ್ ಒಡ್ದಿದ್ರೆ ರೋಡ್ ಮ್ಯಾಲೆ ಟೈರಿಂದು ಕರೀ ಗೀಟು ಬೀಳ್ಬೇಕಿತ್ತು. ಎಲ್ಲೈತೆ ತೋರ್ಸಮ್ಮಿ?"

ಎಲ್ಲರೂ ಬಗ್ಗಿ ನೋಡಿದರು. ಗೀಟು ಇರಲಿಲ್ಲ. ಎಲ್ಲಿಂದ ಬರಬೇಕು? ಟೈರು ಡಾಂಬರನ್ನು ಮುಟ್ಟಿದ್ದರೆ ತಾನೇ! ಆದರೆ ಯಜಮಾನ ಹೇಳಿದ ಮೇಲೆ ಮುಗಿಯಿತು. ದಾಂಡಿಗ ಹೊಲದ ಬದುವಿನಿಂದ ಒಂದು ದಪ್ಪ ಕಲ್ಲು ಎತ್ತಿಕೊಂಡು ಬಂದ. ಇಬ್ಬರು ನನ್ನ ತೋಳು ಹಿಡಿದುಕೊಂಡರು. ಅವನು ಕಲ್ಲನ್ನು ತಮ್ಮನ ತಲೆಯ ನೇರಕ್ಕೆ ಎತ್ತಿದ.

ಅಷ್ಟರಲ್ಲಿ ಎದುರಿನಿಂದ ಒಂದು ಬೈಕು ಬಂತು. ಯಾರೋ ಫೋನು ಮಾಡಿದ ಕೂಡಲೇ ಪಕ್ಕದ ಊರಿನಿಂದ ಹೊರಟಿದ್ದ ಮುದುಕಿಯ ಕಿರಿಮಗ. ಜನ ಕಂಡು ಬ್ರೇಕ್ ಹಿಡಿದ. ಬೈಕು ಅಡ್ಡ ಬಿದ್ದು, ಹುಲ್ಲು ಗುಡಿಸಿಕೊಂಡು ಜಾರುತ್ತಾ ಬಂದು, ಕಲ್ಲೆತ್ತಿ ನಿಂತಿದ್ದ ಅವನ ಅಣ್ಣ ದಾಂಡಿಗನ ಮೊಣಕಾಲಿಗೇ ಹೊಡೆಯಿತು. ಕಲ್ಲು ಪಕ್ಕಕ್ಕೆ ಬಿತ್ತು. ಅಣ್ಣ ಕಾಲು ಹಿಡಿದುಕೊಂಡು ಕೂಗತೊಡಗಿದ.

ಬೈಕಿನವನ ಮೇಲೆ ಒಬ್ಬನೂ ಕೈ ಮಾಡಲಿಲ್ಲ. ನೀರು ತಂದು ಕುಡಿಸಿದರು. "ಉಳ್ಳಿ ಆಸಿರೋದು ಕಾಣ್ಲಿಲ್ವೇನ್ಲಾ, ಜಾರ್ತದೆ ಅಂತ ಗೊತ್ತಾಗಕಿಲ್ವಾ" ಎಂದು ಬೆನ್ನು ಸವರಿದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ತೋಳು ಹಿಡಿದಿದ್ದವರನ್ನು ಕೊಡವಿಕೊಂಡು, ಕನ್ನಡಕದವನನ್ನು ಹೆಗಲ ಮೇಲಿನ ಟವೆಲು ಹಿಡಿದು ಬೈಕಿನ ಹಿಂದಕ್ಕೆ ಎಳೆದುಕೊಂಡು ಹೋದೆ.

"ಇವ್ನು ಒಡ್ದ ಬ್ರೇಕಿನ ಕರೀ ಗೀಟು ಎಲ್ಲೈತೆ? ತೋರ್ಸಯ್ಯಾ ಈಗ!"

ಅವನು ಹುಲ್ಲು ನೋಡಿದ, ನನ್ನ ಮುಖ ನೋಡಿದ, ಟವೆಲು ಬಿಡಿಸಿಕೊಂಡು ಹಿಂದೆ ಸರಿದ. ನನ್ನ ತಮ್ಮನ ಸುತ್ತ ನಿಂತಿದ್ದವರು ಒಬ್ಬೊಬ್ಬರೇ ದೂರ ಹೋದರು.

ಆಗ ಮುದುಕಿ ನರಳಿದಳು. ಜೀವ ಇತ್ತು. ಬೇರೆ ಗಾಡಿ ಸಿಗಲಿಲ್ಲ. ನಮ್ಮ ಬಾಗಿಲುವಾಡವನ್ನೇ ಇಳಿಸಿ, ಅವಳನ್ನೂ ಕಾಲು ಮುರಿದುಕೊಂಡ ದಾಂಡಿಗನನ್ನೂ ನಾಗಮಂಗಲದ ಆಸ್ಪತ್ರೆಗೆಂದು ಟೆಂಪೋ ಹಿಂದೆ ಮಲಗಿಸಿದರು. "ನಿಂಗ್ಯಾಕ್ಲಾ? ಅವ್ರೇ ಒತ್ಕಂಡು ಓಗ್ಲಿ ಬುಡು" ಎಂದೆ. ತಮ್ಮ ಬಾಯಲ್ಲಿದ್ದ ರಕ್ತ ಉಗಿದು ಸ್ಟೀರಿಂಗ್ ಹಿಡಿದ. ಅವನ ಒಂದು ಕಣ್ಣು ಆಗಲೇ ಊದಿ ಮುಚ್ಚಿಹೋಗಿತ್ತು.

"ಜೋರಾಗಿ ಓಡ್ಸಣ್ಣ! ನಮ್ಮವ್ವ ಸತ್ತೋಯ್ತಾಳೆ!" ಎಂದು ಹಿಂದಿನಿಂದ ಕೂಗು ಬಂತು. ಅದೇ ದಾಂಡಿಗ. ಸ್ಪೀಡಾಗಿ ಬಂದ ಅಂತ ತಲೆಯ ಮೇಲೆ ಕಲ್ಲೆತ್ತಿದವನ ಬಾಯಲ್ಲಿ ಬಂದ ಮಾತು, ಕೇಳಿ! ತಮ್ಮ ಆಕ್ಸಲರೇಟರ್ ತುಳಿದ.

ಮುಂದಿನ ಊರಿನ ಹತ್ತಿರ ಮತ್ತೆ ಹುರುಳಿ ಕಂಡಿತು, ಈ ಸಲ ಅಂಚನ್ನೂ ಬಿಡದೆ ರಸ್ತೆಯ ಅಗಲಕ್ಕೂ. ತಮ್ಮ ದೂರದಲ್ಲೇ ಬ್ರೇಕ್ ಒತ್ತಿ ನಿಲ್ಲಿಸಿಬಿಟ್ಟ. ದಾಂಡಿಗ ಹಿಂದಿನಿಂದ ಕತ್ತು ಚಾಚಿ ನೋಡಿ, ಕ್ಯಾಬಿನ್ನಿಗೆ ಕೈ ಬಡಿಯುತ್ತ ಅರಚಿದ. "ಲೇ, ಎತ್ರಲಾ ಆ ಉಳ್ಳೀನಾ! ನಮ್ಮವ್ವ ಸಾಯ್ತಾವ್ಳೆ ಇಲ್ಲಿ!"

ಅಲ್ಲಿದ್ದವರಿಗೆ ಅದು ಕೇಳಿಸಿತೋ ಇಲ್ಲವೋ. ಕವೆಗೋಲು ಹಿಡಿದಿದ್ದ ಒಬ್ಬ ತಲೆ ಎತ್ತಿ, ಬನ್ನಿ ಬನ್ನಿ ಎಂದು ನಮ್ಮತ್ತ ಕೈ ಬೀಸಿದ.

"ಮ್ಯಾಲೇ ಓಗಣ್ಣ, ಏನೂ ಆಗಕಿಲ್ಲ."