ಎರಡನೆಯ ಬಸ್ಸಿಗೆ ಬಂದ ಸಾಕ್ಷಿ

ಎಪ್ಪತ್ತರ ದಶಕದ ಕೊನೆಯ ಮಾತು. ಸಿಂದಗಿಯಲ್ಲಿ ಬಡವರಿಗೆ ಪುಕ್ಕಟೆ ಕಾನೂನು ಸಲಹೆ ಕೊಡುವ ಧರ್ಮಾರ್ಥ ಸಂಸ್ಥೆಯೊಂದು ನನ್ನನ್ನು ತನ್ನ ಆಡಳಿತ ಮಂಡಳಿಗೆ ಕರೆಯಿತು. ಅಸ್ಪೃಶ್ಯತೆಯ ಖಟ್ಲೆ ನಡೆಸುವ ಸರಕಾರಿ ವಕೀಲ ನಾನು. ದನದ ಸಂತೆಯಲ್ಲಿ ದಲಾಲಿ ಮಾಡುತ್ತ ಕಾನೂನು ಓದಿದವನು. ಹಲ್ಲು ನೋಡದೆ ಎತ್ತು ಕೊಳ್ಳಬೇಡಿ ಎಂದು ಕಂಡವರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಆದರೆ ಮೇಲಧಿಕಾರಿಗಳ ಒಪ್ಪಿಗೆ ತಂದೆನೇ ಹೊರತು, ಮಂಡಳಿಯಲ್ಲಿ ಮತ್ತೆ ಯಾರಿದ್ದಾರೆಂದು ಕೇಳಲಿಲ್ಲ. ನೀವು ಮಾತ್ರ ಕೇಳದೆ ಯಾವ ಮಂಡಳಿಗೂ ಸೇರಬೇಡಿ.

ಮೊದಲ ಸಭೆಯಲ್ಲಿ ನನ್ನ ಪಕ್ಕ ಕೂತವರು ಆಲಮೇಲದ ಕಡೆಯ ಗೌಡರೊಬ್ಬರ ಬೀಗರು. ಊರ ಬಾವಿಗೆ ನೀರಿಗೆ ಬಂದ ದಲಿತ ಮುದುಕಿಯ ಕೊಡವನ್ನು ಆ ಗೌಡರು ಒಡೆಸಿದ ಖಟ್ಲೆ ನನ್ನ ಕೈಯಲ್ಲಿತ್ತು. ಉಳಿದ ಸಾಕ್ಷಿಗಳೆಲ್ಲ ತಿರುಗಿಬಿದ್ದಿದ್ದರು. ಇನ್ನು ನಾಲ್ಕು ದಿನಕ್ಕೆ ಮುದುಕಿಯ ಸಾಕ್ಷಿ, ಅದೊಂದೇ ಆಧಾರ. ಬೀಗರು ನನ್ನ ಹೆಗಲ ಮೇಲೆ ಕೈಯಿಟ್ಟು ನಗುತ್ತಿದ್ದಾಗ, ಅದೇ ಮುದುಕಿ ಯಾವುದೋ ಕಾಗದ ಹಿಡಿದು ಸಲಹೆಗೆಂದು ಬಾಗಿಲಿಗೆ ಬಂದಳು. ನಮ್ಮಿಬ್ಬರನ್ನೂ ನೋಡಿದಳು. ಬಂದ ದಾರಿಯಲ್ಲೇ ಹೊರಟುಹೋದಳು.

ನಾನು ಎದ್ದು ನಿಂತೆ. "ಅವರನ್ನ ಇಟ್ಕೋರಿ, ಇಲ್ಲಾ ನನ್ನ ಇಟ್ಕೋರಿ," ಎಂದೆ ಅಧ್ಯಕ್ಷರಿಗೆ.

"ಧರ್ಮದ ಕೆಲಸದಾಗೂ ಚೌಕಾಸಿ ಏನ್ರಿ ವಕೀಲ್ರ? ಈ ಕಟ್ಟಡ ಅವರ ಕೊಟ್ಟಾರ್ರಿ!"

ಅಲ್ಲೇ ರಾಜೀನಾಮೆ ಬರೆದು, ನಕಲಿನ ಮೇಲೆ ಸಂಸ್ಥೆಯ ಶಿಕ್ಕಾ-ಮೊಹರು ಹಾಕಿಸಿಕೊಂಡೆ.

ಆದರೆ ಮುದುಕಿಗೆ ಇದನ್ನು ತಿಳಿಸುವುದು ಹೇಗೆ? ಅವಳ ಊರಿಗೇ ಹೋದರೆ, ಸಾಕ್ಷಿಗೆ ಪಾಠ ಹೇಳಿಕೊಟ್ಟನೆಂದು ಎದುರು ವಕೀಲರು ಕೂಗೆಬ್ಬಿಸುತ್ತಾರೆ. ಖಟ್ಲೆಯ ದಿನ ಆಲಮೇಲದ ಮೊದಲ ಬಸ್ಸಿನಲ್ಲಿ ಅವಳಿರಲಿಲ್ಲ. ಎರಡನೆಯದರಿಂದ ಎಲ್ಲರಿಗಿಂತ ಕೊನೆಗೆ ಇಳಿದಳು. ಕೋರ್ಟಿನ ಮೆಟ್ಟಿಲ ಹತ್ತಿರ ಬಂದವಳೇ, "ನೀವು ಯಾರ ಕಡಿ ವಕೀಲ್ರು ಅದೀರಿ ಸಾಹೇಬ್ರ?" ಎಂದಳು.

ನಕಲು ತೆಗೆದು ಓದಿ ಹೇಳಿದೆ.

"ಬರದವ್ರೂ ನೀವ, ಓದಾವ್ರೂ ನೀವ. ಗೌಡ್ರೂ ಹಿಂಗ ಓದಿ ಹೇಳೇ ಹೆಬ್ಬಟ್ಟು ಒತ್ತಿಸ್ಕೊಂಡಾರ್ರಿ. ಆ ಅಣ್ಣಾರು ಓದಲಿ," ಎಂದು ಬಾಗಿಲಲ್ಲಿ ನಿಂತಿದ್ದ ಕೋರ್ಟಿನ ಜವಾನ ಪಟ್ಟೇವಾಲಾನನ್ನು ಕರೆದಳು.

ಅವನು ಶಿಕ್ಕಾದವರೆಗೂ ಓದಿ, "ಖರೇ ಐತಿ ಯವ್ವಾ, ಕುರ್ಚಿ ಬಿಟ್ಟಾರ," ಎಂದ.

"ಎಂಥಾ ಶಾಣ್ಯಾ ವಕೀಲ್ರು!" ಮುದುಕಿ ನನ್ನತ್ತ ತಿರುಗಿದಳು. "ನೀವ ಬಿಟ್ಟ ಮ್ಯಾಲ ನಮ್ಮಂಥಾರ ಕಾಗದ ಅಲ್ಲಿ ಯಾರು ನೋಡ್ತಾರ್ರಿ?"

ನಕಲನ್ನು ಮಡಚಿ ಜೇಬಿಗೆ ಹಾಕಿದೆ. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನಗಿಂತ ಮೊದಲೇ ಹೋದಳು. ಕೊಡ ಒಡೆಸಿದವರು ಯಾರೆಂದು ಕೇಳಿದೆ. ಕಟಕಟೆಯಲ್ಲಿದ್ದ ಗೌಡರತ್ತ ನೇರವಾಗಿ ಕೈ ಮಾಡಿದಳು.