ಕೆರೆಗೆ ಮರಳದ ತಂಬಿಗೆ ನೀರು

ಒದ್ದೆ ಹತ್ತಿಬಟ್ಟೆಯ ವಾಸನೆ ಮೂಗಿಗೆ ಬಂದರೆ ಸಾಕು, ಹೊತ್ತು ಎಷ್ಟಾಯಿತೆಂದು ನೋಡುವ ಚಟ ನನಗೆ. ಮೊನ್ನೆ ಮಳೆ ಹಿಡಿದ ಸಂಜೆ ಹಗ್ಗದ ಮೇಲಿನ ಟವೆಲು ಒಣಗಿದೆಯೇ ಎಂದು ಮುಟ್ಟಿದಾಗಲೂ ಹಾಗೇ ಆಯಿತು. ಕೈ ಟವೆಲಿನ ಮೇಲೆ, ಕಣ್ಣು ಪಡುವಣದ ಕಡೆಗೆ. ಸೂರ್ಯ ಇನ್ನೂ ಇದ್ದಾನೆಯೇ, ಆಯಿ ಉಂಡಳೇ ಎಂಬ ಹಳೆಯ ದಿಗಿಲು. ಆಯಿ ಹೋಗಿ ಎಷ್ಟೋ ಮಳೆಗಾಲಗಳಾದವು. ಆಕೆಯ ಊಟದ ಚಿಂತೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಬೇಡಕಿಹಾಳದ ಮನೆ ಬಿಟ್ಟು ನಾವು ಚಿಕ್ಕೋಡಿಯ ಹೊರಗೆ ಕೆರೆಯ ದಂಡೆಗೆ ಎದ್ದ ಹೊಸ ಕಾಲನಿಗೆ ಬಂದಾಗ ನನಗೆ ಎಂಟು ವರ್ಷ. ನಮ್ಮ ಪಾಲಿಗೆ ಚಿಕ್ಕೋಡಿಯೇ ಮಹಾ ಶಹರ. ಕಾಲನಿಯಲ್ಲಿ ಸಂಸಾರಸ್ಥರಿಗಷ್ಟೇ ಜಾಗ. ಅರ್ಧ ಮನೆಗಳು ಎದ್ದಿದ್ದವು, ಇನ್ನರ್ಧ ಇಟ್ಟಿಗೆಯ ರಾಶಿಯಾಗಿದ್ದವು. ಯಾರ ಮಗು ಯಾರ ಮನೆಯಲ್ಲಿ ಉಂಡಿತೆಂದು ಕೇಳುವವರಿರಲಿಲ್ಲ. ಸಂಜೆ ಕೆರೆಯ ಗಾಳಿಯಲ್ಲಿ ಎಲ್ಲರ ಮನೆಯ ಒಗ್ಗರಣೆಯೂ ಕಲೆತು ಒಂದೇ ವಾಸನೆಯಾಗುತ್ತಿತ್ತು. ಗಂಡಸರು ಕೆರೆಯ ತಂಪು ಹೊಗಳುತ್ತ ಕೂಡುತ್ತಿದ್ದರು. ಹೆಂಗಸರ ಎದೆಯಲ್ಲಿ ಮಾತ್ರ ಆ ನೀರು ಸದಾ ಢವಢವ ಅನ್ನುತ್ತಿತ್ತು. ನಾವು ಬಂದ ವರ್ಷವೇ ಪಕ್ಕದ ಮನೆಯ ಮಾಸ್ತರರ ಮಗಳು ಕೆರೆಗೆ ಇಳಿಯುವ ಪಾವಟಿಗೆಯ ಕಲ್ಲುಮೆಟ್ಟಿಲ ಮೇಲೆ ಜಾರಿ ನೀರಿಗೆ ಬಿದ್ದಿದ್ದಳು. ಬಟ್ಟೆ ಒಗೆಯುತ್ತಿದ್ದವರು ಜಡೆ ಹಿಡಿದು ಎಳೆದದ್ದಕ್ಕೆ ಉಳಿದಳು. ಅಂದಿನಿಂದ ನಮ್ಮ ಅವ್ವ ನನ್ನನ್ನು ಕೆರೆಯ ಕಡೆ ಕಳಿಸಲು ಸುತರಾಂ ಒಪ್ಪುತ್ತಿರಲಿಲ್ಲ.

ಆದರೆ ನಾವು ಜೈನರು, ಮೇಲಾಗಿ ಆಯಿಯ ಮನೆಯವರು. ಕಾಲನಿಯ ನಳಕ್ಕೆ ಬರುತ್ತಿದ್ದುದು ಕೆರೆಯ ನೀರೇ. ಆಯಿ ನಳದ ಬಾಯಿಗೆ ಎರಡು ಮಡಿಕೆಯ ಬಿಳಿ ಬಟ್ಟೆ ಕಟ್ಟಿ ಸೋಸಿ ಹಿಡಿಯುತ್ತಿದ್ದಳು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸಾಯಗೊಡಬಾರದು. ಬಟ್ಟೆ ತಿರುವಿ, ಸೋಸಿದ ನೀರಲ್ಲೇ ಜಾಲಿಸಿ, ಆ ನೀರನ್ನು ತಾಮ್ರದ ತಂಬಿಗೆಯಲ್ಲಿ ಹಿಡಿದು ಬಂದ ಜಾಗಕ್ಕೇ ಮುಟ್ಟಿಸಬೇಕು. ಮೇಲಿಂದ ಸುರಿಯುವಂತಿಲ್ಲ, ಪಾವಟಿಗೆ ಇಳಿದು, ಕಾಲು ನೀರಲ್ಲಿಟ್ಟು, ತಂಬಿಗೆ ಮುಳುಗಿಸಿ ಮೆಲ್ಲಗೆ ಬಿಡಬೇಕು. ಆಯಿಯ ಮೊಣಕಾಲುಗಳು ಆಗಲೇ ಕೈಕೊಟ್ಟಿದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವ್ವ ದಿನವೂ ರೊಟ್ಟಿ ಬಡಿಯುತ್ತಲೇ ಗೊಣಗುತ್ತಿದ್ದಳು: "ಹುಳಾ ಉಳಸಾಕ ಹೋಗಿ ಹುಡುಗೀನ ಕಳಕೊಳ್ಳೂನೇನ್ರಿ ಅತ್ತಿ?" ಆಯಿ ತಂಬಿಗೆಯನ್ನು ನನ್ನ ಕೈಗಿಡುತ್ತಿದ್ದಳು. ಅದು ಖಾಲಿಯಾಗಿ ಮರಳುವವರೆಗೆ ಅವಳು ತಾಟಿನ ಮುಂದೆ ಕೂಡುವವಳಲ್ಲ. ಅಷ್ಟರಲ್ಲಿ ಹೊತ್ತು ಮುಳುಗಿದರೆ ಮರುದಿನ ಬೆಳಗಿನವರೆಗೆ ಒಂದು ಗುಟುಕು ನೀರೂ ಇಲ್ಲ. ಒಂದು ಕಡೆ ಇಳಿಯುವ ಸೂರ್ಯ, ಇನ್ನೊಂದು ಕಡೆ ಪಾಚಿ ಹಿಡಿದ ಪಾವಟಿಗೆ. ನಡುವೆ ನಾನು ಓಡುತ್ತಿದ್ದೆ. ಮಾಸ್ತರರ ಹೆಂಡತಿ ಬಾಗಿಲಲ್ಲಿ ನಿಂತು "ಬಾಳಾ, ಸಾವಕಾಶ ಗ!" ಎಂದು, ಮಗೂ ನಿಧಾನ ಎಂದು, ಮರಾಠಿಯಲ್ಲಿ ಕೂಗುತ್ತಿದ್ದರು. ಸಾವಕಾಶ ಹೋಗಲು ಹೊತ್ತೆಲ್ಲಿತ್ತು?

ಆ ವರ್ಷ ಮಳೆ ಜೋರಾಗಿ, ಕೆರೆ ಮೇಲಿನ ಪಾವಟಿಗೆಯವರೆಗೆ ಏರಿತ್ತು. ಒಂದು ಸಂಜೆ ತಂಬಿಗೆ ಹಿಡಿದು ಹೋದವಳು ದಂಡೆ ಕಾಣುವ ತಿರುವಿನಲ್ಲೇ ನಿಂತುಬಿಟ್ಟೆ. ಕೆಂಪು ನೀರು ಕಲ್ಲಿಗೆ ಬಡಿಯುವ ಸಪ್ಪಳ ಅಲ್ಲಿಗೇ ಕೇಳುತ್ತಿತ್ತು. ಪಕ್ಕದಲ್ಲಿ ಅರ್ಧ ಕಟ್ಟಿದ ಮನೆಯೊಂದರ ಮುಂದೆ ಇಟ್ಟಿಗೆ ನೆನೆಸುವ ತೊಟ್ಟಿ. ಅದರಲ್ಲಿದ್ದದ್ದು ಬೋರಿನ ನೀರು, ಮೇಲೆ ಸಿಮೆಂಟಿನ ಬೂದು ಕೆನೆ. ಆ ಕಡೆ ಈ ಕಡೆ ನೋಡಿ ತಂಬಿಗೆಯನ್ನು ಅದಕ್ಕೇ ಬೋರಲು ಹಾಕಿದೆ. ಮನೆಗೆ ಬಂದು "ಬಿಟ್ಟು ಬಂದೆ ಆಯಿ" ಎಂದೆ. ಆಯಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ತಾಟು ಎಳೆದುಕೊಂಡು, ಎಂದೂ ಇಲ್ಲದ್ದು, ಎರಡನೇ ರೊಟ್ಟಿ ಹಾಕಿಸಿಕೊಂಡಳು.

ಮೂರನೇ ದಿನ ಆಯಿಗೆ ಜ್ವರ ಬಂತು. ನನ್ನ ಪಾಪವೇ ಬಂದು ಅವಳನ್ನು ಹಿಡಿದಿದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಶಾಲೆಯಲ್ಲಿ ಕುಳಿತರೆ ತೊಟ್ಟಿಯ ಬೂದು ಕೆನೆ ಕಣ್ಣ ಮುಂದೆ. ಮನೆಯ ತಿರುವಿಗೆ ಬಂದರೆ ಬಾಗಿಲಲ್ಲಿ ಜನ ನೆರೆದಿದ್ದಾರೇನೋ ಎಂದು ಇಣುಕಿ ನೋಡುತ್ತಿದ್ದೆ. ಎರಡು ದಿನ ತಡೆದೆ. ಮೂರನೆಯ ಮಧ್ಯಾಹ್ನ ಅವಳ ಹಾಸಿಗೆಯ ಅಂಚು ಹಿಡಿದು ಅಳುತ್ತ ಎಲ್ಲ ಹೇಳಿಬಿಟ್ಟೆ.

"ಗೊತ್ತಿತ್ತವ್ವಾ" ಎಂದಳು ಆಯಿ. "ಕೆರಿಗಿ ಇಳದ ಬಂದಾಕಿ ಕಾಲು ಒಣಾ ಇರತಾವೇನ?"

"ಮತ್ತ ಯಾಕ ಉಂಡಿ?"

"ಕಾಲು ಒಣಾ ಅದಾವಂತನ ಉಂಡೆ. ದಿನಾ ನೀ ತಿರಗಿ ಬರೂತನಾ ನನ್ನ ಜೀಂವಾ ಆ ತಂಬಿಗಿಯಾಗ ಇರತಿತ್ತು. ನೀ ಬಂದ ಮ್ಯಾಲೂ ತುತ್ತು ಇಳೀತಿದ್ದಿಲ್ಲ. ಅವತ್ತೊಂದ ದಿನಾ ಹೊಟ್ಟಿ ತುಂಬ ಉಂಡೆ." ಆಮೇಲೆ ಬಿಸಿ ಕೈಯಿಂದ ನನ್ನ ಮುಖ ಒರೆಸಿದಳು. "ಆ ಜೀವಗೋಳ ಕ್ಷಮಾ ನಾ ಕೇಳಕೋತೀನಿ. ನಿನ್ನ ಕಳಿಸಿದಾಕಿ ನಾನ ಅಲ್ಲೇನ?"

ಜ್ವರ ಇಳಿಯಿತು. ಆದರೆ ತಂಬಿಗೆ ಮತ್ತೆ ನನ್ನ ಕೈಗೆ ಬರಲಿಲ್ಲ. ಸಂಜೆಯಾಗುತ್ತಲೇ ಆಯಿ ತಾನೇ ಹೊರಡುತ್ತಿದ್ದಳು. ಅಷ್ಟು ದಿನ ಗೊಣಗಿದ ಅವ್ವ ಹಿಟ್ಟಿನ ಕೈ ತೊಳೆದು ಅವಳ ರಟ್ಟೆ ಹಿಡಿದು ಪಾವಟಿಗೆ ಇಳಿಸುತ್ತಿದ್ದಳು. ನಾನು ಅಂಗಳದಲ್ಲಿ ನಿಂತು ಕಾಯುತ್ತಿದ್ದೆ. ಕಾಯುವವರ ಪಾಡು ಏನೆಂಬುದು ಆಗ ತಿಳಿಯಿತು.

ಆ ಮನೆ ಈಗ ಇಲ್ಲ. ಅದೇ ಜಾಗದಲ್ಲಿ ಬೇರೆಯವರ ಮೂರಂತಸ್ತು ಎದ್ದಿದೆ. ಆಯಿಯೂ ಇಲ್ಲ, ಅವ್ವನೂ ಇಲ್ಲ. ನಾನು ಇದೇ ಕೆರೆಯ ಆಚೆ ದಂಡೆಯ ಹೊಸ ಬಡಾವಣೆಯಲ್ಲಿದ್ದೇನೆ. ಗೋಡೆಗೆ ತೂಗುಹಾಕಿದ ಯಂತ್ರ ನೀರು ಸೋಸುತ್ತದೆ, ಉಳಿದದ್ದು ಮೋರಿಗೆ ಹೋಗುತ್ತದೆ. ಪ್ರತಿ ಸಲ ಆ ಸಪ್ಪಳ ಕೇಳಿದಾಗ ಮನಸ್ಸು ಚುರ್ ಅನ್ನುತ್ತದೆ, ನಿಜ. ಆದರೂ ತಂಬಿಗೆ ಹಿಡಿದು ನಾನು ಹೋಗಿಲ್ಲ. ಕೆರೆಗೆ ತಂತಿಬೇಲಿ ಹಾಕಿದ್ದಾರೆ. ಮಕ್ಕಳಿಗೆ ಬೇಲಿಯ ಸಂದುಗಳೆಲ್ಲ ಗೊತ್ತು. ನನ್ನ ಮಗಳಿಗೂ ಈಗ ಎಂಟು ವರ್ಷ. ಸಂಜೆ ಆಡಿ ಬಂದು "ಕೆರಿ ಕಡೆ ಹೋಗಿದ್ದಿಲ್ಲ ಅವ್ವಾ" ಎಂದು ಅವಳು ಹೇಳುವಾಗ ನಾನು ಅವಳ ಮುಖ ನೋಡುವುದಿಲ್ಲ, ಕಾಲು ನೋಡುತ್ತೇನೆ. ಒಣ ಇದ್ದರೆ ಒಳಗೆ ಹೋಗಿ ತಾಟು ಹಾಕುತ್ತೇನೆ.